ಕಹಿ ಇದ್ದರೇ ಮಾತ್ರೆ

ಮೂವತ್ತೇಳು ವರ್ಷ ಸರ್ಕಾರಿ ನರ್ಸಾಗಿ ದುಡಿದು ನಾನು ನಿವೃತ್ತಳಾಗಿ ಮೂರು ವರ್ಷವಾಯಿತು. ಲಕ್ಕವಳ್ಳಿಗೆ ಬಂದು ಸುಲೋಚನಮ್ಮನ ಮನೆ ಯಾವುದೆಂದು ಕೇಳಿದರೆ ಯಾರೂ ಹೇಳಲಾರರು. ಬಯ್ಯೋ ನರ್ಸಮ್ಮನ ಮನೆ ಎನ್ನಿ, ಡ್ಯಾಮಿನ ಗೇಟಿನವನೂ ಎದ್ದು ಬಂದು ತೋರಿಸುತ್ತಾನೆ. ಹೌದು, ಬಯ್ದಿದ್ದೇನೆ. ಮಗುವಿಗೆ ಚುಚ್ಚುಮದ್ದು ಹಾಕಿಸದ ತಾಯಿಗೆ, ಬಸುರಿ ಹೆಂಡತಿಯನ್ನು ಆಸ್ಪತ್ರೆಗೆ ಕರೆತರದ ಗಂಡನಿಗೆ, ನೀರಿನ ತೊಟ್ಟಿಯಲ್ಲಿ ಸೊಳ್ಳೆಮರಿ ಸಾಕಿಕೊಂಡಿದ್ದ ಇಂಜಿನಿಯರ್ ಸಾಹೇಬರಿಗೆ, ಎಲ್ಲರಿಗೂ ಬಯ್ದಿದ್ದೇನೆ. ಆದರೆ ಒಂದು ದಿನವೂ ಯಾರ ಮುಂದೆಯೂ ನನ್ನದು ತಪ್ಪಾಯಿತು ಎಂದವಳಲ್ಲ. ತಪ್ಪು ಮಾಡಿದ್ದರೆ ತಾನೇ ಹೇಳುವುದು ಎಂದುಕೊಂಡು ಆರಾಮಾಗಿದ್ದೆ. ಅದೆಲ್ಲ ಹೋದ ಮೇ ತಿಂಗಳವರೆಗೆ.

ಒಂದು ಶುಕ್ರವಾರ ಬೆಳಿಗ್ಗೆ ಪಕ್ಕದ ಮನೆಯ ಭಾಗಮ್ಮ ಓಡಿ ಬಂದಳು. ಅವಳ ಮಗ ಸಿದ್ದೇಶ್ ಬೋರ್‌ವೆಲ್ ಲಾರಿಯ ಡ್ರೈವರ್. ಕಡೂರಿನ ಏಜೆಂಟೊಬ್ಬನನ್ನು ಹಿಡಿದು ಆಫ್ರಿಕಾದ ಮೊಜಾಂಬಿಕ್‌ಗೆ ಹೋಗಿ, ಅಲ್ಲಿನ ಹಳ್ಳಿಗಳಲ್ಲಿ ಬೋರ್ ಕೊರೆಯುವ ಕಂಪನಿಯೊಂದರಲ್ಲಿ ಎರಡು ವರ್ಷದಿಂದ ಕೆಲಸಕ್ಕಿದ್ದ. ರಜೆಯ ಮೇಲೆ ಊರಿಗೆ ಬಂದು ಹದಿನೈದು ದಿನವಾಗಿತ್ತು.

"ನರ್ಸಮ್ಮಾ, ನಮ್ ಸಿದ್ದೇಶ ಗಡಗಡ ನಡುಗ್ತಾ ಅವ್ನೆ ಕಣ್ರೀ. ನಾಕು ಕಂಬಳಿ ಹೊದ್ಸಿದೀನಿ, ಆದ್ರೂ ಮಂಚ ಅಲ್ಲಾಡ್ತೈತೆ!"

ಮೇ ತಿಂಗಳ ಬಿಸಿಲಿಗೆ ನಾಲ್ಕು ಕಂಬಳಿ! ನನಗೆ ಅಲ್ಲೇ ಅರ್ಥವಾಯಿತು. ನಾನು ಕೆಲಸಕ್ಕೆ ಸೇರಿದ ಮೊದಲ ವರ್ಷಗಳಲ್ಲಿ ಕಡೂರು ಕಡೆಯ ಚೌಳಹಿರಿಯೂರಿನಲ್ಲಿ ಈ ನಡುಕವನ್ನು ಮನೆಮನೆಯಲ್ಲೂ ನೋಡಿದ್ದೆ. ಆಮೇಲೆ ಲಕ್ಕವಳ್ಳಿಗೆ ವರ್ಗವಾಗಿ ಬಂದಾಗಲೂ ಕಾಲುವೆಯ ಪಕ್ಕದ ಮನೆಗಳಲ್ಲಿ ಅದೇ ಕತೆ. ಈಗ ಎಷ್ಟೋ ವರ್ಷದಿಂದ ಮಲೇರಿಯಾ ನಮ್ಮ ಕಡೆ ತಲೆ ಹಾಕಿಲ್ಲ. ಚಪ್ಪಲಿ ಮೆಟ್ಟಿಕೊಂಡು ಭಾಗಮ್ಮನ ಹಿಂದೆಯೇ ಹೋದೆ. ಗೋಡೆಯ ಮೇಲಿನ ಬುದ್ಧನ ಪಟದ ಕೆಳಗೆ, ಮಂಚದಲ್ಲಿ, ಬರೀ ಮೂಗಿನ ತುದಿ ತೋರಿಸಿಕೊಂಡು ಮಲಗಿದ್ದ ನಮ್ಮ ಸಾಹುಕಾರ.

"ಏನೋ, ಫಾರಿನ್ನಿಂದ ಎಲ್ರೂ ಸೆಂಟ್ ಬಾಟ್ಲಿ ತಂದ್ರೆ ನೀನು ಮಲೇರಿಯಾ ತಂದಿದೀಯಲ್ಲೋ," ಎಂದೆ.

"ಮಲೇರಿಯಾ ಅಲ್ಲ ನರ್ಸಮ್ಮಾ. ಅದು ಅಲ್ಲೇ ಬಂತು, ಅಲ್ಲೇ ವಾಸಿ ಆಯ್ತು. ಮೂರು ದಿನದ ಮಾತ್ರೆ ಪೂರ್ತಿ ನುಂಗಿದೀನಿ. ಒಂದೂ ಬಿಟ್ಟಿಲ್ಲ, ನಿಮ್ಮಾಣೆ."

"ನನ್ನಾಣೆ ನಿಂಗೆ ಯಾಕೋ? ಬಾಯ್ಮುಚ್ಕೊಂಡು ಆಟೋ ಹತ್ತು."

ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ ರಕ್ತ ಪರೀಕ್ಷೆ ಮಾಡುವವಳು ಗಾನವಿ, ಅಜ್ಜಂಪುರದ ಹುಡುಗಿ. ನನ್ನನ್ನು ಕಂಡರೆ ಅವಳಿಗೆ ಒಂದಿಷ್ಟೂ ಹೆದರಿಕೆಯಿಲ್ಲ, ಅದಕ್ಕೇ ಅವಳೆಂದರೆ ನನಗೆ ಇಷ್ಟ. ಬೆರಳು ಚುಚ್ಚಿ ಕಿಟ್ಟಿನ ಮೇಲೆ ಒಂದು ಹನಿ ಬಿಟ್ಟಳು. ಕಾಲು ಗಂಟೆ ಕಳೆಯುವಷ್ಟರಲ್ಲಿ ಗೆರೆ ಮೂಡಿತು. ಸೂಕ್ಷ್ಮದರ್ಶಕದಲ್ಲೂ ನೋಡಿ, ನನ್ನನ್ನೂ ಕರೆದು ತೋರಿಸಿದಳು. ಅವೇ ಸಣ್ಣ ಉಂಗುರಗಳು. ಮಲೇರಿಯಾದಲ್ಲೇ ಕೆಟ್ಟ ಜಾತಿಯದು, ತಡಮಾಡಿದರೆ ಮಿದುಳಿಗೆ ಏರುವಂಥದು. ಡಾಕ್ಟರು ಅಲ್ಲೇ ಚಿಕಿತ್ಸೆ ಶುರುಮಾಡಿದರು. ಮೂರೂ ದಿನ ಅವನು ಮಾತ್ರೆ ನುಂಗುವುದನ್ನು ಎದುರಿಗೇ ನಿಂತು ನೋಡುವ ಜವಾಬ್ದಾರಿಯನ್ನು ನಾನು ವಹಿಸಿಕೊಂಡೆ.

"ಅಣ್ಣಾ, ಅಲ್ಲಿ ನುಂಗಿದ ಮಾತ್ರೆ ಯಾವುದು?" ಎಂದು ಗಾನವಿ ಕೇಳಿದಳು.

ಸಿದ್ದೇಶ್ ಪರ್ಸಿನಿಂದ ಒಂದು ಪಟ್ಟಿ ತೆಗೆದ. ಮತ್ತೆ ಜ್ವರ ಬಂದರೆ ಇರಲಿ ಎಂದು ಇನ್ನೊಂದು ಸುತ್ತಿನದು ಜೊತೆಯಲ್ಲೇ ತಂದಿದ್ದನಂತೆ. "ಫಸ್ಟ್ ಕ್ಲಾಸ್ ಮಾತ್ರೆ ಮೇಡಂ," ಎಂದು ಅಂಥ ನಡುಕದಲ್ಲೂ ಶಿಫಾರಸು ಮಾಡಿದ.

ಗಾನವಿ ಎರಡು ಲೋಟದಲ್ಲಿ ಉಗುರು ಬೆಚ್ಚಗಿನ ನೀರು ತಂದಳು. ಒಂದಕ್ಕೆ ನಮ್ಮ ಆಸ್ಪತ್ರೆಯ ಮಾತ್ರೆ, ಇನ್ನೊಂದಕ್ಕೆ ಸಿದ್ದೇಶನದು. ಆಗಾಗ ಲೋಟ ಅಲ್ಲಾಡಿಸುತ್ತಾ ಕೂತೆವು. ಹತ್ತು ನಿಮಿಷಕ್ಕೆ ನಮ್ಮದು ಪುಡಿಯಾಗಿ ಉದುರಿ ತಳ ಸೇರಿತು. ಅವನದು ಅರ್ಧ ಗಂಟೆಯಾದರೂ ಹಾಕಿದ ಹಾಗೇ ಇತ್ತು. ಒಂದು ಗಂಟೆಗೂ ಹಾಗೇ. ಮಧ್ಯಾಹ್ನ ಊಟ ಮುಗಿಸಿ ಬಂದು ನೋಡಿದರೂ ಹುಣಸೆ ಬೀಜದ ಹಾಗೆ ಗಟ್ಟಿಯಾಗಿ ಕೂತಿದೆ. ಮೇಲಿನ ಬಣ್ಣ ಮಾತ್ರ ಬಿಟ್ಟಿತ್ತು.

"ಇದೊಂದ್ರಿಂದ ನಕಲಿ ಅಂತ ಹೇಳೋಕಾಗಲ್ಲ. ಅದಕ್ಕೆ ದೊಡ್ಡ ಲ್ಯಾಬಿಗೇ ಹೋಗ್ಬೇಕು," ಎಂದಳು ಗಾನವಿ. "ಆದ್ರೆ ನೀರಲ್ಲೇ ಒಡೀದೇ ಇರೋದು ಹೊಟ್ಟೇಲಿ ಒಡೆದು ರಕ್ತಕ್ಕೆ ಹೆಂಗೆ ಸೇರುತ್ತೆ? ಬಡ ದೇಶಗಳ ಸಂತೆಗಳಲ್ಲಿ ಇಂಥದ್ದು ಎಷ್ಟೋ ಇರ್ತವೆ ಅಂತ ನಮ್ಗೆ ಟ್ರೇನಿಂಗಲ್ಲಿ ಹೇಳಿದ್ರು. ಕೆಲವ್ದರಲ್ಲಿ ಔಷಧಿನೇ ಇರಲ್ಲ. ಕೆಲವ್ದರಲ್ಲಿ ಅರ್ಧ ಇರುತ್ತೆ. ಒಳ್ಳೇದನ್ನೇ ತಗಡಿನ ಶೆಡ್ಡಲ್ಲಿಟ್ಟು ಬಿಸಿಲಿಗೆ ಕೆಡಿಸೋರೂ ಇರ್ತಾರೆ. ಅರ್ಧಂಬರ್ಧ ಇರೋದೇ ಇನ್ನೂ ಅಪಾಯ. ಜ್ವರ ಇಳಿಯುತ್ತೆ, ರೋಗಾಣು ಉಳಿಯುತ್ತೆ."

ನನಗೆ ಎಲ್ಲಿತ್ತೋ ಸಿಟ್ಟು. "ಲೇ, ಕಣ್ಣು ಕಾಣಿಸ್ತಿರಲಿಲ್ವೇನೋ ನಿಂಗೆ? ಸಂತೇಲಿ ಬದನೆಕಾಯಿ ಆರಿಸೋ ಹಂಗೆ ಮಾತ್ರೆ ಆರಿಸ್ಕೊಂಡು ಬಂದಿದೀಯಲ್ಲ!"

"ನೋಡೇ ಆರಿಸಿದ್ದು ನರ್ಸಮ್ಮಾ," ಎಂದ ಅವನು, ಬೇಜಾರಾಗಿ. "ಅಂಗಡೀಲಿ ನಾಕು ಥರದ್ದು ಇತ್ತು. ನಾಕನ್ನೂ ನೆಕ್ಕಿ ನೋಡಿದೆ. ಮೂರು ಸಪ್ಪೆ. ಇದೊಂದೇ ವಿಷದಂಗೆ ಕಹಿ. ನೀವೇ ತಾನೆ ಇಸ್ಕೂಲಲ್ಲಿ ಹೇಳ್ಕೊಟ್ಟಿದ್ದು? ಕಹಿ ಇದ್ದರೇ ಮಾತ್ರೆ, ಇಲ್ಲದಿದ್ರೆ ಸುಣ್ಣ ಅಂತ."

ಗಾನವಿ ನನ್ನ ಮುಖ ನೋಡಿದಳು. ನಾನು ಲೋಟ ನೋಡಿದೆ.

ಹೌದು, ನಾನೇ ಹೇಳಿಕೊಟ್ಟಿದ್ದೆ. ಆಗಿನ ಮಲೇರಿಯಾ ಮಾತ್ರೆಯ ಕಹಿ ಈಗಿನವರಿಗೆ ಗೊತ್ತಿಲ್ಲ. ನಾಲಿಗೆಗೆ ತಾಗಿದರೆ ಸಂಜೆಯವರೆಗೂ ಬಾಯಿ ಕಹಿ. ಮಕ್ಕಳು ನನ್ನ ಸೀರೆಯ ಮೇಲೇ ಉಗಿಯುತ್ತಿದ್ದವು. ಮೀಸೆ ಹೊತ್ತ ಗಂಡಸರು ದವಡೆಯಲ್ಲಿ ಅಡಗಿಸಿಟ್ಟುಕೊಂಡು, ನಾನು ಬೆನ್ನು ತಿರುಗಿಸಿದ ಕೂಡಲೇ ತಿಪ್ಪೆಗೆ ಉಗಿಯುತ್ತಿದ್ದರು. ಬಯ್ದು ಬಯ್ದು ಸಾಕಾಗಿ, ಒಂದು ದಿನ ಚೌಳಹಿರಿಯೂರಿನ ಶಾಲೆಯ ಜಗಲಿಯಲ್ಲಿ ಮಕ್ಕಳನ್ನು ಸಾಲಾಗಿ ಕೂರಿಸಿ ಹೇಳಿಬಿಟ್ಟೆ: ಕಹಿಯೇ ಇದರ ಶಕ್ತಿ, ಎಷ್ಟು ಕಹಿಯೋ ಅಷ್ಟು ಬೇಗ ಮಲೇರಿಯಾ ಸಾಯುತ್ತದೆ. ಕಹಿ ಇದ್ದರೇ ಮಾತ್ರೆ, ಇಲ್ಲದಿದ್ದರೆ ಸುಣ್ಣ. ಮಕ್ಕಳಿಗೆ ಅದು ಆಟವಾಗಿ ಹಿಡಿಸಿತು, ಯಾರು ಹೆಚ್ಚು ಹೊತ್ತು ಕಹಿ ತಡೆದುಕೊಳ್ಳುತ್ತಾರೆಂದು ಪೈಪೋಟಿಗೆ ಬಿದ್ದು ನುಂಗಿದವು. ಮನೆಗೆ ಹೋಗಿ ಅಪ್ಪ ಅಮ್ಮನಿಗೂ ಒಪ್ಪಿಸಿದವು. ಲಕ್ಕವಳ್ಳಿಗೆ ಬಂದ ಮೇಲೂ ಅದನ್ನೇ ಹೇಳಿಕೊಟ್ಟೆ. ಯಾವ ಡಾಕ್ಟರೂ ಅದನ್ನು ನನಗೆ ಹೇಳಿರಲಿಲ್ಲ, ಯಾವ ಪುಸ್ತಕದಲ್ಲೂ ಇರಲಿಲ್ಲ. ನಾನು ಕಟ್ಟಿದ ಸುಳ್ಳು ಅದು.

"ಹೊಸ ಮಾತ್ರೆಗಳು ಅಷ್ಟು ಕಹಿ ಇರಬೇಕು ಅಂತೇನೂ ಇಲ್ಲ," ಎಂದು ಗಾನವಿ ಮೆಲ್ಲಗೆ ಹೇಳಿದಳು. "ಜನ ನೆಕ್ಕಿ ನೋಡ್ತಾರೆ ಅಂತ ಗೊತ್ತಿದ್ದೇ ಕಹಿ ಬೆರೆಸೋ ಕಳ್ಳರೂ ಇರ್ತಾರಂತೆ."

ಆ ಹೊತ್ತಿಗೆ ಸಿದ್ದೇಶನಿಗೆ ಇನ್ನೊಂದು ನೆನಪಾಯಿತು. ತಟ್ಟನೆ ನನ್ನ ಕೈ ಹಿಡಿದುಕೊಂಡ. "ನರ್ಸಮ್ಮಾ, ಅಲ್ಲಿ ನಮ್ ಜೊತೆ ಕೆಲಸ ಮಾಡೋ ಒಂಬತ್ತು ಜನಕ್ಕೂ ಮಾತ್ರೆ ತಂದಿಟ್ಟಿದ್ದು ನಾನೇ. ಬರುವಾಗ ಡಬ್ಬಿ ಶಿವಕುಮಾರನ ಕೈಗೆ ಕೊಟ್ಟು ಬಂದಿದೀನಿ."

ಶಿವಕುಮಾರ್ ಎಂದರೆ ಚೌಳಹಿರಿಯೂರಿನ ದ್ಯಾಮಮ್ಮನ ಒಬ್ಬನೇ ಮಗ. ಇವನ ಹಾಗೆಯೇ ಅದೇ ಏಜೆಂಟನ ಮೂಲಕ ಹೋದವನು. ನಾನು ಜಗಲಿಯಲ್ಲಿ ಕೂರಿಸಿದ್ದ ಮಕ್ಕಳಲ್ಲಿ ಅವನೂ ಒಬ್ಬ. ಅವನಿಗೆ ಫೋನ್ ಹಚ್ಚಿದರೆ ಸ್ವಿಚ್ ಆಫ್. ವಾಟ್ಸಾಪಿನಲ್ಲಿ ಮೆಸೇಜು ಹಾಕಿದರೆ ಒಂದೇ ಟಿಕ್ ಬಿದ್ದು ನಿಂತಿತು. ಅವರಿದ್ದ ಜಾಗದಲ್ಲಿ ಸಿಗ್ನಲ್ ಇಲ್ಲ, ಹತ್ತಿರದ ಗುಡ್ಡ ಹತ್ತಬೇಕಂತೆ. ಕಂಪನಿಯ ಆಫೀಸಿಗೆ ಮಾಡಿದರೆ, ಸೋಮವಾರ ಡೀಸೆಲ್ ಗಾಡಿ ಹೋಗುತ್ತದೆ, ಆಗ ಹೇಳಿ ಕಳಿಸುತ್ತೇವೆ ಎಂದರು. ಕೊನೆಗೆ ದ್ಯಾಮಮ್ಮನ ನಂಬರಿಗೆ ನಾನೇ ಮಾಡಿ, ನರ್ಸಮ್ಮ ಎಂದು ಹೇಳಿ ಮಗನನ್ನು ವಿಚಾರಿಸಿದೆ.

"ಹೋದ್ ಭಾನುವಾರ ಮಾಡಿದ್ದ ತಾಯೀ. ಮೈ ಬಿಸಿ ಐತೆ ಅಂದ. ಮಾತ್ರೆ ವಿಪರೀತ ಕಹಿ ಕಣವ್ವ, ವಾಂತಿ ಬತ್ತೈತೆ ಅಂದ. ಕಹಿ ಇದ್ರೇ ಒಳ್ಳೇದು ಕಣ್ಮಗ, ಮೂಗು ಹಿಡ್ಕಂಡು ನುಂಗು ಅಂತ ಹೇಳಿದೀನಿ."

ಆ ಮಾತ್ರೆ ಸರಿಯಿಲ್ಲ, ಕಹಿಗೂ ಔಷಧಿಗೂ ಸಂಬಂಧವಿಲ್ಲ, ಮತ್ತೆ ಫೋನ್ ಮಾಡಿದರೆ ದೊಡ್ಡಾಸ್ಪತ್ರೆಗೆ ಹೋಗೆಂದು ಹೇಳು ಎಂದು ಒಂದೇ ಉಸಿರಿಗೆ ಹೇಳಿದೆ.

"ಯಾರಮ್ಮ ನೀನು?" ಎಂದಳು ದ್ಯಾಮಮ್ಮ. "ನಮ್ ನರ್ಸಮ್ಮ ಹಂಗೆಲ್ಲ ಹೇಳೋಳಲ್ಲ. ಫೋನ್‌ನಲ್ಲಿ ಯಾರ್ಯಾರೋ ದನಿ ಮಾಡ್ಕಂಡು ಮೋಸ ಮಾಡ್ತಾರೆ ಅಂತ ಪಂಚಾಯ್ತೀಲಿ ಹೇಳವ್ರೆ. ಮಡಗು ಫೋನು!"

ಫೋನ್ ಇಟ್ಟೇಬಿಟ್ಟಳು. ಮತ್ತೆ ಮಾಡಿದರೆ ಎತ್ತಲಿಲ್ಲ. ಎಂಥ ಗ್ರಹಚಾರ ನೋಡಿ, ಮೂವತ್ತು ವರ್ಷದ ಹಿಂದಿನ ನನ್ನ ಮಾತಿನ ಮೇಲೆ ಅವಳಿಗೆ ಅಷ್ಟು ನಂಬಿಕೆ, ನನ್ನ ಮೇಲೇ ಇಲ್ಲ. ಬಯ್ಯೋಣವೆಂದರೆ ಯಾರಿಗೆ ಬಯ್ಯುವುದು?

ಶಿವಕುಮಾರ್ ತಾಯಿಗೆ ಫೋನ್ ಮಾಡುವುದು ಭಾನುವಾರ ಮಧ್ಯಾಹ್ನ ಎರಡೂವರೆಗೆ, ಒಂದೇ ಸಲ. ಶನಿವಾರವೆಲ್ಲ ಸಿದ್ದೇಶನಿಗೆ ಹೊತ್ತು ಹೊತ್ತಿಗೆ ಮಾತ್ರೆ ನುಂಗಿಸಿದೆ. ಅವನ ನಡುಕ ನಿಂತು, ಭಾಗಮ್ಮ ಮಾಡಿದ ಉಪ್ಪಿಟ್ಟನ್ನು ಎರಡು ಸಲ ಹಾಕಿಸಿಕೊಂಡ. ಭಾನುವಾರದ ಮಾತ್ರೆಯನ್ನು ಗಾನವಿಯ ಸುಪರ್ದಿಗೆ ಕೊಟ್ಟು, ಬೆಳಗಿನ ಬಸ್ಸು ಹಿಡಿದು ತರೀಕೆರೆಗೆ, ಅಲ್ಲಿಂದ ಕಡೂರಿಗೆ, ಕಡೂರಿಂದ ಇನ್ನೊಂದು ಬಸ್ಸಿನಲ್ಲಿ ಚೌಳಹಿರಿಯೂರಿಗೆ ಹೋದೆ. ದಾರಿಯುದ್ದಕ್ಕೂ ಒಂದೇ ಯೋಚನೆ. ಫೋನ್ ಮಾಡಲು ಅವನು ಗುಡ್ಡ ಹತ್ತಬೇಕು. ಹತ್ತುವಷ್ಟು ಶಕ್ತಿ ಅವನಲ್ಲಿ ಉಳಿದಿರಬೇಕಲ್ಲ!

ದ್ಯಾಮಮ್ಮ ಬಾಗಿಲಲ್ಲಿ ಕೂತು ಹುರುಳಿ ಕೇರುತ್ತಿದ್ದಳು. ನನ್ನನ್ನು ನೋಡಿ ಮೊರ ಅಲ್ಲೇ ಬಿಟ್ಟು ಎದ್ದಳು.

"ಅಯ್ಯೋ, ನೀವೇಯಾ ಅವತ್ತು ಮಾತಾಡಿದ್ದು!"

"ನಾನೇ ಕಣೇ. ಬಸ್ಸಲ್ಲಿ ಬಂದ್ರೆ ನಂಬ್ತೀಯೇನೋ ಅಂತ ಬಂದೆ."

ಅವಳು ನಗಲಿಲ್ಲ. ನಾನು ಅಷ್ಟು ದೂರ ಬಂದಿದ್ದೇನೆಂದರೆ ವಿಷಯ ಸಣ್ಣದಲ್ಲವೆಂದು ಅವಳಿಗೆ ತಿಳಿಯಿತು. ಮುದ್ದೆ, ಹುರುಳಿಕಾಳಿನ ಸಾರು ಬಡಿಸಿದಳು. ನಾನು ತುತ್ತು ಮುರಿದು ತಟ್ಟೆಯಲ್ಲೇ ಬಿಟ್ಟೆ. ಬಟನ್ ಫೋನನ್ನು ಗೂಡಿನಿಂದ ತೆಗೆದು ಇಬ್ಬರ ನಡುವೆ ಚಾಪೆಯ ಮೇಲಿಟ್ಟಳು. ಎರಡೂವರೆಯಾಯಿತು. ಎರಡೂ ಮುಕ್ಕಾಲು. ಮೂರು. ದ್ಯಾಮಮ್ಮ ಫೋನಿನ ಚಾರ್ಜು ನೋಡಿದಳು, ಸೆರಗಿನಿಂದ ಅದರ ಮುಖ ಒರೆಸಿದಳು. "ಯಾವತ್ತೂ ಇಷ್ಟೊತ್ತು ಮಾಡಿದವ್ನಲ್ಲ," ಎಂದಳು. ನಾನು ಕಿಟಕಿಯ ಹೊರಗೆ ನೋಡಿದೆ.

ಮೂರೂ ಕಾಲಿಗೆ ಫೋನ್ ಹೊಡೆದುಕೊಂಡಿತು. ಸ್ಪೀಕರ್ ಹಾಕಿದೆ. ಮೊದಲು ಕೇಳಿಸಿದ್ದು ಏದುಸಿರು.

"ಅವ್ವಾ... ಗುಡ್ಡ ಹತ್ತೋಕೆ ಆಗ್ಲಿಲ್ಲ ಕಣವ್ವ. ಎರಡು ಕಡೆ ಕೂತ್ಕಂಡು ಬಂದೆ."

"ಶಿವಕುಮಾರ, ನಾನು ಸುಲೋಚನಮ್ಮ. ನರ್ಸಮ್ಮ. ಜ್ವರ ಹೆಂಗೈತೆ?"

"ನರ್ಸಮ್ಮಾ! ನೀವು ನಮ್ಮನೇಲಾ?" ಅವನ ದನಿಯಲ್ಲಿ ಖುಷಿಯೇ ಇತ್ತು, ಪಾಪ. "ನಡುವೆ ಎರಡು ದಿನ ಇಳಿದಿತ್ತು. ನಿನ್ನೆಯಿಂದ ಮತ್ತೆ ನಡುಕ. ಚಿಂತೆಯಿಲ್ಲ ಬಿಡಿ, ಸಿದ್ದೇಶ ಕೊಟ್ಟಿರೋ ಮಾತ್ರೆ ಇನ್ನೂ ಐತೆ. ಭಾರೀ ಕಹಿ. ಇವತ್ತಿಂದ ಇನ್ನೊಂದು ಸುತ್ತು ನುಂಗ್ತೀನಿ."

"ನುಂಗ್ಬೇಡ. ಆ ಮಾತ್ರೆ ಕೆಲಸಕ್ಕೆ ಬರಲ್ಲ. ಸಿದ್ದೇಶಂಗೂ ಇಲ್ಲಿ ಜ್ವರ ಮರುಕಳಿಸ್ತು. ನೀನು ಇವತ್ತೇ ದೊಡ್ಡಾಸ್ಪತ್ರೆಗೆ ಹೋಗು."

"ಆಸ್ಪತ್ರೆ ಎಂಬತ್ತು ಕಿಲೋಮೀಟ್ರು ನರ್ಸಮ್ಮಾ. ಇನ್ನೊಂದ್ ಮೂರು ದಿನ ನೋಡ್ತೀನಿ. ಇಷ್ಟು ಕಹಿ ಇರೋ ಮಾತ್ರೆ ಕೆಲಸ ಮಾಡ್ದೆ ಇರುತ್ತಾ? ನೀವೇ..."

"ನಾನು ಸುಳ್ಳು ಹೇಳಿದ್ದೆ ಕಣೋ!"

ಕೂಗಿಯೇಬಿಟ್ಟೆ. ದ್ಯಾಮಮ್ಮ ಬೆಚ್ಚಿ ನನ್ನ ಕಡೆ ತಿರುಗಿದಳು. ಇನ್ನು ನಿಲ್ಲಿಸುವಂತಿರಲಿಲ್ಲ. "ಕಹಿ ಇದ್ರೆ ಮಾತ್ರೆ ಅಂತ ಯಾವ ಡಾಕ್ಟರೂ ಹೇಳಿಲ್ಲ. ನೀವೆಲ್ಲ ಉಗೀತಿದ್ರಿ, ನುಂಗ್ಲಿ ಅಂತ ನಾನೇ ಕಟ್ಟಿ ಹೇಳ್ದೆ. ಸಿದ್ದೇಶ ಅದನ್ನ ನಂಬ್ಕೊಂಡು ಆ ಮಾತ್ರೆ ತಂದ, ನಿಮ್ಮವ್ವ ಅದನ್ನ ನಂಬ್ಕೊಂಡು ನುಂಗು ಅಂದ್ಲು. ತಪ್ಪು ನಂದು. ನನ್ನದು ತಪ್ಪಾಯ್ತು ಶಿವಕುಮಾರ. ನಿನ್ನ ಕಾಲಿಗೆ ಬೀಳ್ತೀನಿ, ನಿಮ್ ಕೆಲಸದ ಜೀಪು ತೆಗೆಸಿ ಹೊರಡು."

ಹೇಳುತ್ತಲೇ ಅಳು ಬಂದುಬಿಟ್ಟಿತು.

"ನರ್ಸಮ್ಮಾ, ಅಳ್ಬೇಡಿ," ಎಂದ ಅವನು, ಹೆದರಿದವನ ಹಾಗೆ. ನಾನು ಅಳುವುದನ್ನು ಅವನು ಯಾವತ್ತು ಕೇಳಿದ್ದ? "ಹೋಗ್ತೀನಿ. ಈಗ್ಲೇ ಹೊರಡ್ತೀನಿ."

"ಎಲ್ರಿಗೂ ಹೇಳು. ಆ ಡಬ್ಬಿ ಮುಟ್ಟಬೇಡಿ. ಜ್ವರ ಇರೋರ್ನೆಲ್ಲ ಜೀಪಿಗೆ ಹತ್ತಿಸ್ಕೋ."

ಫೋನ್ ಇಟ್ಟ ಮೇಲೆ ದ್ಯಾಮಮ್ಮನ ಮುಖ ನೋಡುವ ಧೈರ್ಯ ನನಗಿರಲಿಲ್ಲ. ಮೂಗು ಸೇದುತ್ತಾ ಚಾಪೆಯ ಅಂಚು ಎಳೆಯುತ್ತಾ ಕೂತಿದ್ದೆ. ಅವಳು ಎದ್ದು ಹೋಗಿ ಒಂದು ಲೋಟ ಮಜ್ಜಿಗೆ ತಂದು ಕೈಗೆ ಕೊಟ್ಟಳು.

"ಐದು ವರ್ಷದವ್ನಿದ್ದಾಗ ಅವ್ನಿಗೆ ಜ್ವರ ಬಂದು ಕಣ್ಣು ಮೇಲಕ್ಕೆ ಹೋಗಿತ್ತು," ಎಂದಳು. "ಯಾರು ಏನು ಕೊಟ್ರೂ ಬಾಯಿ ಬಿಡ್ತಿರಲಿಲ್ಲ. ನಿಮ್ ಮಾತು ಕೇಳಿ ನುಂಗ್ದ. ಸುಳ್ಳೋ ಗಿಳ್ಳೋ, ಅವತ್ತು ನನ್ ಮಗ ಉಳ್ಕಂಡ. ಮಜ್ಜಿಗೆ ಕುಡೀರಿ, ಬಂದಾಗಿಂದ ಏನೂ ತಿಂದಿಲ್ಲ ನೀವು."

ನಾನು ಮರಳಿ ಹೋಗಲಿಲ್ಲ. ದ್ಯಾಮಮ್ಮ ಹೋಗಲು ಬಿಡಲೂ ಇಲ್ಲ. ಸೋಮವಾರ ಬೆಳಿಗ್ಗೆ ಸಿದ್ದೇಶ್ ಫೋನ್ ಮಾಡಿ, ಮೂರು ದಿನದ ಮಾತ್ರೆ ಮುಗಿಯಿತು, ಗಾನವಿ ಮತ್ತೆ ರಕ್ತ ತೆಗೆದಿದ್ದಾಳೆ, ಮೈ ಹಗುರವಾಗಿದೆ ಎಂದ. ಅವನಿಗೆ ಬಯ್ಯಲೂ ನನಗೆ ಮನಸ್ಸು ಬರಲಿಲ್ಲ. ಶಿವಕುಮಾರನ ಸುದ್ದಿ ಕೇಳಿದ. ಇನ್ನೂ ಇಲ್ಲವೆಂದೆ.

ಮಧ್ಯಾಹ್ನ ದ್ಯಾಮಮ್ಮನ ಫೋನು ಹೊಡೆದುಕೊಂಡಿತು. ಅವಳು ಎತ್ತಿ, ಒಂದು ಮಾತು ಕೇಳಿ, ನನ್ನ ಕೈಗೆ ಕೊಟ್ಟಳು. "ನಿಮ್ಮನ್ನೇ ಕೇಳ್ತಾ ಅವ್ನೆ."

"ನರ್ಸಮ್ಮಾ, ಆಸ್ಪತ್ರೇಲಿದೀನಿ. ನಾವು ಮೂರು ಜನ ಬಂದ್ವಿ, ಮೂರು ಜನಕ್ಕೂ ಅದೇ ಮಲೇರಿಯಾ ಅಂತ ಬಂತು. ತಲೆಗೇನೂ ಏರಿಲ್ಲ, ಸರಿಯಾದ ಹೊತ್ತಿಗೆ ಬಂದ್ರಿ ಅಂದ್ರು ಡಾಕ್ಟ್ರು. ಮಾತ್ರೆ ಕೊಟ್ಟವ್ರೆ." ದನಿ ತಗ್ಗಿಸಿದ. "ಇಲ್ಲಿ ಸಿಸ್ಟರು ನೀರು ಹಿಡ್ಕಂಡು ಎದುರಿಗೇ ನಿಂತವ್ರೆ. ನುಂಗು ನುಂಗು ಅಂತವ್ರೆ. ನಾನು ನೆಕ್ಕಿ ನೋಡ್ದೆ ನರ್ಸಮ್ಮಾ. ಹೆಚ್ಚು ಕಹಿನೇ ಇಲ್ಲ. ನುಂಗ್ಲಾ?"

ನನಗೆ ನಗು ಬಂತು, ಅಳುವೂ ಬಂತು. ಸುಳ್ಳು ಹೇಳಿದವಳು ನಾನೇ ಎಂದು ಗೊತ್ತಿದ್ದೂ, ಸಮುದ್ರದಾಚೆಯ ಆಸ್ಪತ್ರೆಯಲ್ಲಿ ಮಾತ್ರೆ ಅಂಗೈಯಲ್ಲಿಟ್ಟುಕೊಂಡು ಅವನು ನನ್ನನ್ನೇ ಕೇಳುತ್ತಿದ್ದ.

"ನುಂಗೋ ಮಗನೇ," ಎಂದೆ. "ಹಾಲು ಇದ್ರೆ ಹಾಲಿನ ಜೊತೆ ನುಂಗು."

ಗುಟುಕರಿಸಿದ ಶಬ್ದ ನನಗೆ ಕೇಳಿಸಿತು. "ಹೂಂ, ಹೋಯ್ತು," ಎಂದ. ಮೂರು ದಿನಕ್ಕೆ ಒಟ್ಟು ಆರು ಹೊತ್ತಿನ ಮಾತ್ರೆ. ಆರು ಹೊತ್ತೂ ನನಗೆ ಫೋನ್ ಮಾಡಿಯೇ ನುಂಗಿದ.